ಎಡಗಣ್ಣಿಗೆ ಸಿಕ್ಕ ಹಕ್ಕಿ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಕೊನೆಯಲ್ಲಿ ದಪ್ಪ ಬಾಗಿಲಿನ ಒಂದು ಕೋಣೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕಂಡವರ ಎಲುಬು ನೋಡುವುದೇ ಅವಳ ಕೆಲಸ. ಇವಳಿಗೆ ಜನರ ಮುಖ ಮರೆತುಹೋದರೂ ಪಕ್ಕೆಲುಬು ಮರೆಯುವುದಿಲ್ಲ ಎಂದು ದಾದಿಯರು ನಗುತ್ತಿದ್ದರು. "ಗಲ್ಲ ಮೇಲೆ ಮಾಡಿ, ಭುಜ ಮುಂದೆ ತನ್ನಿ, ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಅಲ್ಲಾಡ್ಬೇಡಿ." ದಿನವಿಡೀ ಇದೇ ಮಾತು. ಮನೆಯಲ್ಲಿ ಗಂಡ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು "ಅಲ್ಲಾಡ್ಬೇಡಿ" ಎಂಬುದೇ.

ಅಲ್ಲಾಡದವರ ಚಿತ್ರ ತೆಗೆದು ತೆಗೆದು ಬೇಜಾರಾಯಿತೋ ಏನೋ, ನಲವತ್ತು ದಾಟಿದ ಮೇಲೆ ಅವಳಿಗೆ ಒಂದು ಕ್ಷಣವೂ ನಿಲ್ಲದವುಗಳ ಹುಚ್ಚು ಹಿಡಿಯಿತು. ಆಸ್ಪತ್ರೆಯ ತಾರಸಿಯಿಂದ ನೋಡಿದರೆ ನದಿ ಕಡಲು ಸೇರುವ ಜಾಗ ಕಾಣುತ್ತದೆ. ನೀರು ಇಳಿದಾಗ ಅಲ್ಲಿ ಬರೀ ಕೆಸರು. ಏರಿದಾಗ ಆ ಕೆಸರೂ ಇಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ತಾರಸಿಗೆ ಹೋದವಳಿಗೆ, ಕೆಸರಿನಿಂದ ಒಂದು ಹಿಂಡು ಸಣ್ಣ ಹಕ್ಕಿಗಳು ಎದ್ದದ್ದು ಕಂಡಿತು. ಎದ್ದವು, ಬೂದು ಬಣ್ಣದ ಹೊಗೆಯಂತೆ ಒಂದು ಕಡೆ ವಾಲಿದವು, ಥಟ್ಟನೆ ಎಲ್ಲ ಒಟ್ಟಿಗೆ ತಿರುಗಿ ಬೆಳ್ಳಿಯ ಹಾಗೆ ಮಿನುಗಿದವು. ಯಾರು ಯಾರಿಗೆ ಹೇಳಿದರು, ಯಾರು ಯಾರ ಮಾತು ಕೇಳಿದರು ಒಂದೂ ತಿಳಿಯದೆ ಅವಳು ಬಾಯಿ ತೆರೆದು ನಿಂತಳು. ಫೋನಿನಲ್ಲಿ ನಾಲ್ಕು ಚಿತ್ರ ತೆಗೆದು ಸಂಜೆ ಮಗಳಿಗೆ ತೋರಿಸಿದಳು.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಾಲಿಗೆ ಸ್ವಲ್ಪ ಹರಿತ. "ಇದೇನಮ್ಮಾ, ಸೊಳ್ಳೆನಾ?" ಎಂದಳು.

ಆ ಮಾತು ನಾಟಿತು. ಮದುವೆ ಫೋಟೋ ತೆಗೆದು ಸಾಕಾಗಿ ಅಂಗಡಿ ಮುಚ್ಚುತ್ತಿದ್ದವನೊಬ್ಬನಿಂದ ಹಳೆಯ ಕ್ಯಾಮರಾ, ಆಮೇಲೆ ಎಲ್ಲಿಂದಲೋ ಮೊಳದುದ್ದದ ಒಂದು ಲೆನ್ಸು ಮನೆಗೆ ಬಂದವು. ಗಂಡನದು ಬೀದಿ ಕೊನೆಯಲ್ಲಿ ಬೇಕರಿ. ಬೀದಿ ಏಳುವ ಮೊದಲೇ ಅವನು ಒಲೆ ಹೊತ್ತಿಸಬೇಕು. ಅವನು ಬಾಗಿಲು ಎಳೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಅವಳೂ ಕ್ಯಾಮರಾ ಹೆಗಲಿಗೇರಿಸಿ ದಡಕ್ಕೆ ಹೊರಡುತ್ತಿದ್ದಳು. "ನಾನು ಬ್ರೆಡ್ಡು ಬೇಯಿಸ್ತೀನಿ, ನನ್ನ ಹೆಂಡ್ತಿ ಬಿಸಿಲಲ್ಲಿ ತನ್ನನ್ನೇ ಬೇಯಿಸ್ಕೋತಾಳೆ" ಎಂದು ಅವನು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು.

ದಡದಲ್ಲಿ ಅವಳಿಗೆ ಸಿಕ್ಕ ಗುರು ದುರ್ಬೀನು ಮೇಷ್ಟ್ರು. ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕೊರಳಲ್ಲಿ ಸದಾ ದುರ್ಬೀನು, ಕಂಕುಳಲ್ಲಿ ಮಡಚುವ ಸ್ಟೂಲು. ಬಂದ ಹಕ್ಕಿಗಳನ್ನು ಎಣಿಸುವುದು ಅವರ ದಿನಚರಿ. ಮೊದಲ ದಿನ ಅವಳು ಹಿಂಡಿನ ಕಡೆ ದಾಪುಗಾಲು ಹಾಕಿದ್ದನ್ನು ಕಂಡು ಅವರು ತರಗತಿಯ ದನಿಯಲ್ಲೇ ಕೂಗಿದರು.

"ಏನಮ್ಮಾ, ಎಲ್ಲಿಗೆ?"

"ಹಾರಿಸೋಣ ಅಂತ, ಮೇಷ್ಟ್ರೇ."

"ಅವು ಇಲ್ಲಿ ಬಂದಿರೋದು ಹೊಟ್ಟೆಪಾಡಿಗೆ. ನಿನ್ನ ಫೋಟೋಗೋಸ್ಕರ ಊಟದಿಂದ ಎಬ್ಬಿಸ್ತೀಯಾ? ಕೂತ್ಕೋ. ನೀರು ಏರುತ್ತೆ, ಅವೇ ಏಳ್ತವೆ. ಗಾಳಿಗೆ ಎದುರಾಗೇ ಏಳ್ತವೆ. ಬೆನ್ನಿಗೆ ಬಿಸಿಲು ಇಟ್ಕೊಂಡು ಕಾಯಿ."

ಅವಳು ಕೂತಳು. ಹಾಗೆ ಎಷ್ಟೋ ವರ್ಷ ಕೂತಳು. ಬಲಗಣ್ಣು ಕ್ಯಾಮರಾದ ಕಿಂಡಿಗೆ, ಎಡಗಣ್ಣು ಬಯಲಿಗೆ. ಎಡಗಣ್ಣು ಬರುತ್ತಿರುವ ಹಿಂಡನ್ನು ನೋಡಿ ಸುದ್ದಿ ಕೊಡಬೇಕು, ಬಲಗಣ್ಣು ಅದನ್ನು ಕಿಂಡಿಯಲ್ಲಿ ಹಿಡಿಯಬೇಕು. ಮೊದಲೆಲ್ಲ ಬರೀ ಆಕಾಶ, ಆಮೇಲೆ ಬಾಲ, ಆಮೇಲೆ ಅರ್ಧ ಹಕ್ಕಿ. ಕೊನೆಗೆ ಒಂದು ದಿನ ಪೂರ್ತಿ ಹಕ್ಕಿ, ಕಣ್ಣಿನಲ್ಲಿ ಬೆಳಕಿನ ಚುಕ್ಕಿಯ ಸಮೇತ. ಆ ಚಿತ್ರ ಬೇಕರಿಯ ಗೋಡೆಗೆ ಏರಿತು. ಮಗಳು ಅದನ್ನು ಬಹಳ ಹೊತ್ತು ನೋಡಿದಳು. ಅಷ್ಟು ಸಾಕಾಯಿತು ತಾಯಿಗೆ.

ಹೀಗಿರುವಾಗ ಒಂದು ದಿನ, ಕೆಮ್ಮು ಎಂದು ಬಂದಿದ್ದ ಲಾರಿ ಚಾಲಕನೊಬ್ಬನ ಎದೆಯ ಚಿತ್ರ ತೆಗೆದಳು. ಪರದೆಯ ಮೇಲೆ ಶ್ವಾಸಕೋಶ ಮೂಡಿತು. ನಡುವೆ ಒಂದು ಮಸಿ ಮಚ್ಚೆ. ಹೊರಗೆ ಅವನ ಹೆಂಡತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಯ್ಯೋ, ಈ ವಯಸ್ಸಿಗೇ? ಇನ್ನಷ್ಟು ಸರಿಯಾಗಿ ನೋಡೋಣವೆಂದು ಪಕ್ಕೆಲುಬಿನ ಕಡೆ ಕಣ್ಣು ಹೊರಳಿಸಿದಳು. ಮಚ್ಚೆಯೂ ಹೊರಳಿ ಪಕ್ಕೆಲುಬಿನ ಮೇಲೆ ಕೂತಿತು. ಮೂಲೆಯಲ್ಲಿದ್ದ ಹೆಸರಿನ ಕಡೆ ನೋಡಿದಳು. ಮಚ್ಚೆ ಹೆಸರನ್ನು ನುಂಗಿತು. ಎಡಗಣ್ಣು ಮುಚ್ಚಿದರೆ ಮಚ್ಚೆ ಇದೆ. ಬಲಗಣ್ಣು ಮುಚ್ಚಿದರೆ ಚಿತ್ರ ತೊಳೆದಿಟ್ಟಷ್ಟು ಸ್ವಚ್ಛ.

"ಏನಾದ್ರೂ ಇದೆಯಾ ಅಕ್ಕಾ?" ಚಾಲಕ ಅಂಗಿ ತೊಡುತ್ತ ಕೇಳಿದ.

"ಡಾಕ್ಟ್ರು ಹೇಳ್ತಾರಪ್ಪ. ಚಿತ್ರ ಚೆನ್ನಾಗಿ ಬಂದಿದೆ, ಹೋಗಿ ಕೂತ್ಕೋ" ಎಂದಳು. ಅವನು ಹೋದ ಮೇಲೆ ತಾನೂ ಕೂತಳು.

ಮೇಲಿನ ಮಹಡಿಯ ಕಣ್ಣಿನ ಡಾಕ್ಟರು ಅವಳಿಗೆ ಹಳೆಯ ಪರಿಚಯದವಳು. ಕಣ್ಣಿನ ಹಿಂಭಾಗದ ರಕ್ತನಾಳವೊಂದು ಕಟ್ಟಿಕೊಂಡಿದೆ ಎಂದಳು. ಚುಚ್ಚುಮದ್ದು ಶುರುವಾಯಿತು. ಊತ ಇಳಿಯಿತು, ಮಚ್ಚೆ ಇಳಿಯಲಿಲ್ಲ. ಕಡೆಗೊಂದು ದಿನ ಡಾಕ್ಟರು ದೀಪ ಆರಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾ, ನಿಮ್ಮ ಹತ್ರ ಸುತ್ತಿ ಬಳಸಿ ಮಾತಾಡೋದು ಬೇಡ. ಬಲಗಣ್ಣಲ್ಲಿ ಅಂಚಿನ ದೃಷ್ಟಿ ಉಳಿಯುತ್ತೆ. ನಡುವಿನದು ವಾಪಸ್ ಬರೋದಿಲ್ಲ."

"ಎಡಗಣ್ಣು?"

"ಅದು ಗಟ್ಟಿಯಾಗಿದೆ."

"ಹಾಗಿದ್ರೆ ಸರಿ" ಎಂದು ಎದ್ದು ಬಂದಳು. ಸರಿ ಎಂದದ್ದು ಬಾಯಿ ಮಾತ್ರ. ಬಸ್ಸಿನಲ್ಲಿ ಕೂತು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದಳು. ಎದುರು ಸೀಟಿನವನ ಎರಡು ಕಿವಿ ಕಾಣುತ್ತಿತ್ತು, ನಡುವೆ ಮುಖವಿರಲಿಲ್ಲ. ಅವನು ಸುಮ್ಮನೆ ಕೂತಿದ್ದಾನೋ, ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನೋ ಗೊತ್ತಾಗಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ಮುಂದಿನದರಲ್ಲಿ ಇಳಿದು, ಯಾರಿಗೂ ಕಾಣದಂತೆ ಒಂದು ಗೋಡೆಯ ಕಡೆ ತಿರುಗಿ ನಿಂತು ಅತ್ತಳು. ಅತ್ತು ಮುಗಿದ ಮೇಲೆ ಮನೆಗೆ ನಡೆದಳು.

ಆಸ್ಪತ್ರೆಯ ಕೆಲಸಕ್ಕೆ ಒಂದು ಕಣ್ಣು ಸಾಕಾಗುತ್ತಿತ್ತು. ಉಳಿದದ್ದೇ ತೊಂದರೆ. ದೂರ ಹತ್ತಿರದ ಅಂದಾಜು ತಪ್ಪಿಹೋಗಿತ್ತು. ಟೀ ಲೋಟಕ್ಕೆ ಬೀಳದೆ ಮೇಜಿಗೆ ಬೀಳುತ್ತಿತ್ತು. ಬಾಗಿಲ ಚಿಲಕ ಹುಡುಕಿದ ಕೈಗೆ ಗಾಳಿ ಸಿಗುತ್ತಿತ್ತು. ಆದರೂ ಕೈ ಕಟ್ಟಿ ಕೂರುವ ಪೈಕಿ ಅವಳಲ್ಲ. ಒಂದು ಬೆಳಗ್ಗೆ ಕ್ಯಾಮರಾ ತೆಗೆದುಕೊಂಡು ದಡಕ್ಕೆ ಹೋದಳು.

ಎಡಗಣ್ಣನ್ನು ಕಿಂಡಿಗಿಟ್ಟರೆ ಮೂಗು ಕ್ಯಾಮರಾದ ಬೆನ್ನಿಗೆ ಅಪ್ಪಚ್ಚಿಯಾಗುತ್ತದೆ, ಉಸಿರಿಗೆ ಪರದೆ ಮಂಜುಗಟ್ಟುತ್ತದೆ. ಕ್ಯಾಮರಾ ಹಿಡಿದ ಬಲಗೈ ಹೆಬ್ಬೆರಳು ನೇರ ಬಲಗಣ್ಣಿಗೇ ತಿವಿಯುತ್ತದೆ. ಹಿಂಡು ಎದ್ದ ಸದ್ದು ಕೇಳಿತು, ಕ್ಯಾಮರಾ ಎತ್ತಿದಳು. ಕಿಂಡಿಯಲ್ಲಿ ಬರೀ ಮೋಡ. ಇನ್ನೊಮ್ಮೆ ಎದ್ದವು, ಬರೀ ನೀರು. ಮೂರನೆಯ ಸಲ ಹಟಕ್ಕೆ ಬಿದ್ದು ಎರಡು ಹೆಜ್ಜೆ ಮುಂದಿಟ್ಟಳು. ಗಟ್ಟಿ ನೆಲ ಎಂದುಕೊಂಡದ್ದು ಹೊಂಡ. ಸೊಂಟದವರೆಗೆ ಕೆಸರಿನಲ್ಲಿ ಇಳಿದಳು. ಕ್ಯಾಮರಾ ಮಾತ್ರ ಎರಡೂ ಕೈಯಲ್ಲಿ ತಲೆಯ ಮೇಲೆ.

ಮೇಷ್ಟ್ರು ಸ್ಟೂಲನ್ನೇ ಚಾಚಿ ಅವಳನ್ನು ಎಳೆದು ಹಾಕಿದರು. ಏದುಸಿರು ಬಿಡುತ್ತ, "ಮೊದ್ಲು ಕ್ಯಾಮರಾ ಕೊಡು ಅಂದ್ರೆ ಕೊಡಲ್ಲ, ಕೈ ಕೊಡು ಅಂದ್ರೂ ಕೊಡಲ್ಲ. ಎಂಥಾ ಹೆಣ್ಣಮ್ಮಾ ನೀನು!" ಎಂದರು.

ಮನೆಯಲ್ಲಿ ಮಗಳು ಹೌಹಾರಿದಳು. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿಯುತ್ತ, "ಸಾಕಮ್ಮಾ. ಕ್ಯಾಮರಾ ಯಾರಿಗಾದ್ರೂ ಕೊಟ್ಬಿಡು. ನೀರು ಏರೋ ಹೊತ್ತಲ್ಲಿ ಬಿದ್ದಿದ್ರೆ? ಮೇಷ್ಟ್ರು ಇಲ್ದೇ ಇದ್ದಿದ್ರೆ?" ಎಂದಳು. ಗದರಿಕೆ ಅಳುವಾಯಿತು.

"ನಿಂತಲ್ಲೇ ನಿಂತಿದ್ರೆ ಬೀಳ್ತಿರಲಿಲ್ಲ. ನಡೆದದ್ದು ನನ್ನ ತಪ್ಪು. ಇನ್ಮೇಲೆ ನಡೆಯೋದಿಲ್ಲ."

"ಅಂದ್ರೆ ಮತ್ತೆ ಹೋಗ್ತೀಯಾ?"

ಅವಳು ಕಾಲ್ಬೆರಳ ಸಂದಿಯ ಕೆಸರು ತೆಗೆಯುತ್ತ ಕೂತಳು. ತಾಯಿ ಸುಮ್ಮನಿದ್ದರೆ ಅದರ ಅರ್ಥ ಏನು ಎಂದು ಮಗಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಮಗ್ಗು ದಡಕ್ಕನೆ ಇಟ್ಟು ಒಳಗೆ ಹೋದಳು.

ಇದನ್ನೆಲ್ಲ ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮಾರನೆಯ ದಿನ ಬೇಕರಿಯಿಂದ ಬರುವಾಗ ಒಂದು ಚೀಲ ತಂದ. ಮಾರಾಟವಾಗದೆ ಒಣಗಿ ಕಲ್ಲಾದ ಬನ್ನುಗಳು.

"ಲೇ, ಕ್ಯಾಮರಾ ತಗೊಂಡು ತಾರಸಿಗೆ ಬಾ."

"ಯಾಕ್ರೀ?"

"ಎಡಗಣ್ಣಿಗೆ ಅಭ್ಯಾಸ ಇಲ್ಲ. ಅಷ್ಟೇ ತಾನೇ? ನನ್ನ ಬಲಗೈ ಮುರಿದಾಗ ಎಡಗೈಯಲ್ಲಿ ಹಿಟ್ಟು ನಾದೋದು ಕಲ್ತಿರಲಿಲ್ವಾ?"

ಆ ಮುರಿದ ಕೈಯ ಎಕ್ಸ್‌ರೇ ತೆಗೆದವಳು ಅವಳೇ. ಅವರಿಬ್ಬರ ಪರಿಚಯವಾದದ್ದೂ ಆ ದಪ್ಪ ಬಾಗಿಲಿನ ಕೋಣೆಯಲ್ಲೇ. ಆಗ ನೋವಿಗೆ ಹಲ್ಲು ಕಚ್ಚಿಕೊಂಡು ಅವನು, "ನೀವು ಹೇಳಿದ್ರೆ ಜೀವಮಾನ ಪೂರ್ತಿ ಅಲ್ಲಾಡಲ್ಲ" ಎಂದಿದ್ದನಂತೆ. ಅದು ಬೇರೆಯೇ ಕತೆ.

ಮನೆಯ ತಾರಸಿಯ ಒಂದು ತುದಿಯಲ್ಲಿ ಅವನು ನಿಂತು ಬನ್ನು ಎಸೆಯುವುದು, ಇನ್ನೊಂದು ತುದಿಯಲ್ಲಿ ಅವಳು ಅದನ್ನು ಕಿಂಡಿಯಲ್ಲಿ ಹಿಂಬಾಲಿಸುವುದು. ಇದೇ ಪಾಠ. ಮೊದಲ ವಾರ ಒಂದು ಬನ್ನೂ ಚಿತ್ರದೊಳಗೆ ಬರಲಿಲ್ಲ. ಒಂದು ನೇರ ಹಣೆಗೆ ಬಡಿಯಿತು. ಎದುರುಮನೆಯಾಕೆ ಬಟ್ಟೆ ಒಣಹಾಕುತ್ತ ನಿಂತು ನೋಡಿದಳು. "ಏನ್ರೀ ಇದು! ಜಗಳ ಆಡೋದಾದ್ರೆ ಒಳಗಡೆ ಆಡ್ಕೊಳ್ರೀ. ಇಷ್ಟು ವರ್ಷ ಸಂಸಾರ ಮಾಡಿ ಈಗ ಬನ್ನಲ್ಲಿ ಹೊಡೆದಾಡ್ತೀರಾ?" ಎಂದಳು.

"ಹೊಡೆದಾಟ ಅಲ್ಲ ಕಣ್ರೀ, ವಿದ್ಯಾಭ್ಯಾಸ" ಎಂದ ಗಂಡ.

ಕಾಗೆಗಳಿಗೆ ಹಬ್ಬವೋ ಹಬ್ಬ. ಬೀದಿನಾಯಿಗಳೂ ಮೆಟ್ಟಿಲ ಬುಡದಲ್ಲಿ ಕಾಯತೊಡಗಿದವು. ಅವಳು ಬಿಡಲಿಲ್ಲ. ಕೆಲಸದಿಂದ ಬಂದು ಚಪ್ಪಲಿ ಬಿಟ್ಟವಳೇ ತಾರಸಿ ಹತ್ತುವಳು. ಕುತ್ತಿಗೆ ಹಿಡಿದುಕೊಂಡಿತು, ಬಿಸಿನೀರಿನ ಚೀಲ ಇಟ್ಟುಕೊಂಡು ಮತ್ತೆ ಹತ್ತಿದಳು. ಮೊದಲು ಬನ್ನಿನ ಅಂಚು ಸಿಕ್ಕಿತು, ಆಮೇಲೆ ಬನ್ನು ಸಿಕ್ಕಿತು, ಆಮೇಲೆ ಬನ್ನಿನ ಮೇಲಿನ ಎಳ್ಳೂ ಎಣಿಸುವಷ್ಟು ಸ್ಪಷ್ಟವಾಗಿ ಸಿಕ್ಕಿತು.

ಒಂದು ಸಂಜೆ ಗಂಡ ಕಳ್ಳಾಟ ಆಡಿದ. ಸದ್ದಿಲ್ಲದೆ ಅವಳ ಬಲಬದಿಗೆ ಬಂದು, ಹೇಳದೆ ಕೇಳದೆ ಬನ್ನು ಎಸೆದ. ಕ್ಯಾಮರಾ ಸರಕ್ಕನೆ ಅತ್ತ ತಿರುಗಿತು, ಗುಂಡಿ ಒತ್ತಿದ ಸದ್ದೂ ಆಯಿತು.

"ಹೇಗೆ ಗೊತ್ತಾಯ್ತೇ ನಿಂಗೆ?"

ಅವಳು ಕ್ಯಾಮರಾ ಇಳಿಸಿ ಅವನನ್ನೇ ನೋಡಿದಳು. "ಕಾಣಿಸ್ತು ಕಣ್ರೀ. ಬಲಗಣ್ಣಲ್ಲಿ."

ಮುಖ ಕಾಣದ ಆ ಕಣ್ಣು ಅಂಚಿನಲ್ಲಿ ಹಾದದ್ದನ್ನು ಇನ್ನೂ ಹಿಡಿಯುತ್ತಿತ್ತು. ಏನು ಎಂದು ಹೇಳಲಾರದು, ಎಲ್ಲಿ ಎಂದು ಹೇಳಬಲ್ಲದು. ಇಷ್ಟು ದಿನ ಅದನ್ನು ಕೆಟ್ಟ ಕಣ್ಣು ಎಂದು ಬಿಗಿಯಾಗಿ ಮುಚ್ಚಿಯೇ ಚಿತ್ರ ತೆಗೆಯುತ್ತಿದ್ದಳು. ಅವತ್ತಿನಿಂದ ತೆರೆದಿಟ್ಟಳು. ಹಿಂದೆ ಎಡಗಣ್ಣು ಮಾಡುತ್ತಿದ್ದ ಸುದ್ದಿ ಕೊಡುವ ಕೆಲಸವನ್ನು ಬಲಗಣ್ಣಿಗೆ ವಹಿಸಿಬಿಟ್ಟಳು.

ಆಮೇಲೆ ದಡಕ್ಕೆ ಹೋದಾಗ ಮೇಷ್ಟ್ರ ಮುಖ ಬಾಡಿತ್ತು. ಹಿಂಡಿನಲ್ಲಿ ಒಂದು ಹಕ್ಕಿ ಸರಿಯಿಲ್ಲ ಎಂದರು. ಬೂದು ಬೆನ್ನಿನ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಗೊರವ ಹಕ್ಕಿ. ಉಳಿದವು ಅಲೆಯ ಹಿಂದೆ ಓಡಿದರೆ ಅದು ಕುಪ್ಪಳಿಸುತ್ತದೆ. ತಿನ್ನುವುದೂ ಕಡಿಮೆ.

"ಕಾಲಿಗೆ ಏನೋ ಸುತ್ಕೊಂಡಿದೆ ಅಂತ ನನ್ನ ಅನುಮಾನ. ಮೀನು ಹಿಡಿಯೋ ದಾರ ಇರ್ಬಹುದು. ನಿಂತಾಗ ಕಾಲು ಕೆಸರಲ್ಲಿ, ಹಾರುವಾಗ ಹೊಟ್ಟೆಗೆ ಅಂಟ್ಕೊಂಡಿರುತ್ತೆ. ಈ ದುರ್ಬೀನಿಗೆ ತಿಳಿಯೋದಿಲ್ಲ."

"ಯಾರಿಗಾದ್ರೂ ಹೇಳಿದ್ರಾ?"

"ಪ್ರಾಣಿ ರಕ್ಷಣೆಯವರಿಗೆ ಹೇಳ್ದೆ. ಬಲೆ ಹಾಕಿದ್ರೆ ನೂರಾರು ಹಕ್ಕಿ ಗಾಬರಿ ಆಗ್ತವೆ, ಅದಕ್ಕೆ ಅನುಮತಿ ಬೇಕು, ಅನುಮತಿಗೆ ಸಾಕ್ಷಿ ಬೇಕು ಅಂದ್ರು. ಅವರು ಹೇಳೋದೂ ಸರೀನೇ. ಇನ್ನು ಸ್ವಲ್ಪ ದಿನಕ್ಕೆ ಇವು ಮರಿ ಮಾಡೋಕೆ ಉತ್ತರಕ್ಕೆ ಹೊರಡ್ತವೆ, ಸಾವಿರಾರು ಮೈಲಿ. ಮೈಯಲ್ಲಿ ಕೊಬ್ಬು ತುಂಬ್ದೇ ಇದ್ರೆ ಅರ್ಧ ದಾರೀಲೇ ಬೀಳುತ್ತೆ."

"ಕಾಲು ಯಾವಾಗ ಕಾಣುತ್ತೆ ಮೇಷ್ಟ್ರೇ?"

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಇಳಿಯುವಾಗ. ನೆಲ ಮುಟ್ಟೋ ಮುಂಚೆ ಕಾಲು ಕೆಳಗೆ ಬಿಡ್ತವೆ. ರೆಪ್ಪೆ ಬಡಿಯೋಷ್ಟು ಹೊತ್ತು."

"ಸಾಕು" ಎಂದಳು ಅವಳು.

ಹೇಳಿದಷ್ಟು ಸುಲಭವಿರಲಿಲ್ಲ. ನೂರಾರು ಹಕ್ಕಿಗಳ ಹಿಂಡಿನಲ್ಲಿ ಅದೊಂದನ್ನು ಹುಡುಕಬೇಕು, ಅದು ಇಳಿಯುವ ಗಳಿಗೆ ಕಾಯಬೇಕು, ಆ ಗಳಿಗೆಯಲ್ಲಿ ಎಡಗಣ್ಣು ಕೈಕೊಡಬಾರದು. ನೀರು ಏರುವ ಹೊತ್ತು ದಿನದಿಂದ ದಿನಕ್ಕೆ ಸರಿಯುತ್ತದೆ. ಒಂದೊಂದು ದಿನ ಅದು ಡ್ಯೂಟಿಯ ಹೊತ್ತಿಗೇ ಬೀಳುತ್ತಿತ್ತು. ಸಹೋದ್ಯೋಗಿಗಳ ಭಾನುವಾರದ ಪಾಳಿಯನ್ನೆಲ್ಲ ತಾನು ಒಪ್ಪಿಕೊಂಡು ಬೆಳಗುಗಳನ್ನು ಬಿಡಿಸಿಕೊಂಡಳು. ಗಟ್ಟಿ ನೆಲದಲ್ಲಿ ಕೋಲು ನೆಟ್ಟು, ಅದರಾಚೆ ಕಾಲಿಡುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಳು, ಮಾತಿನಂತೆ ನಡೆದಳು.

ಮೊದಲ ಬೆಳಗ್ಗೆ ಮಂಜು. ಎರಡನೆಯ ದಿನ ಗಾಳಿ ತಿರುಗಿ ಹಿಂಡು ಬೆನ್ನು ತೋರಿಸಿ ಇಳಿಯಿತು. ಆಮೇಲೊಂದು ದಿನ ಯಾರದೋ ನಾಯಿ ನುಗ್ಗಿ ಎಲ್ಲ ಹಾರಿಹೋದವು. ಅವಳು ಬೈಯಲೂ ಇಲ್ಲ, ಗೊಣಗಲೂ ಇಲ್ಲ. ಕ್ಯಾಮರಾ ಒರೆಸಿ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು, ಮರುದಿನ ಮತ್ತೆ ಬಂದಳು. ಹೀಗೆ ನೋಡುತ್ತ ನೋಡುತ್ತ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಆ ಹಕ್ಕಿ ಯಾವಾಗಲೂ ಹಿಂಡಿನ ಕೊನೆಯಲ್ಲಿ ಬರುತ್ತದೆ. ಎಲ್ಲರೂ ಮರಳ ದಿಬ್ಬದ ನಡುವೆ ಇಳಿದರೆ ಅದು ಹಿಂದೆ ದೋಣಿ ಕಟ್ಟುತ್ತಿದ್ದ, ಈಗ ಮುರಿದುಬಿದ್ದ ಜೆಟ್ಟಿಯ ಪಕ್ಕದ ಒದ್ದೆ ಅಂಚಿನಲ್ಲಿ ಇಳಿಯುತ್ತದೆ. ಅಲ್ಲಿ ಮಣ್ಣು ಮೆತ್ತಗೆ. ನೋವಿನ ಕಾಲಿಗೆ ಮೆತ್ತನೆ ಜಾಗ ಬೇಕಲ್ಲ!

ಅಂದಿನಿಂದ ಹಿಂಡಿನ ಕಡೆ ನೋಡುವುದನ್ನೇ ಬಿಟ್ಟು, ಆ ಒದ್ದೆ ಅಂಚಿಗೆ ಎದುರಾಗಿ ಹೊಟ್ಟೆಯ ಮೇಲೆ ಮಲಗಿದಳು. ಎಡಗಣ್ಣು ಕಿಂಡಿಯಲ್ಲಿ, ಬಲಗಣ್ಣು ತೆರೆದು. ಬಿಸಿಲು ಬೆನ್ನಿಗೆ ಏರಿತು. ಜೆಟ್ಟಿಯ ಕಂಬಗಳಿಗೆ ನೀರು ತಾಗತೊಡಗಿತು. ದೂರದಲ್ಲಿ ಹಿಂಡು ಎದ್ದ ಸರ್ರೆನ್ನುವ ಸದ್ದು. ಅವಳು ಕತ್ತು ಎತ್ತಲಿಲ್ಲ. ಬಲಗಣ್ಣಿನ ಅಂಚಿನಲ್ಲಿ ಬೂದು ಹೊಗೆಯೊಂದು ಹಾದುಹೋಯಿತು. ಅದು ಹೋಗಲಿ. ಅದರ ಹಿಂದೆ ಒಂದು ಚುಕ್ಕಿ ಒಂಟಿಯಾಗಿ ಬಂತು. ಕ್ಯಾಮರಾ ತಾನಾಗಿ ಅತ್ತ ವಾಲಿತು. "ಉಸಿರು ಹಿಡ್ಕೋ" ಎಂದುಕೊಂಡಳು. ಕಿಂಡಿಯೊಳಗೆ ರೆಕ್ಕೆ ಬಂತು, ಕಣ್ಣು ಬಂತು, ಬಾಲ ಬೀಸಣಿಗೆಯಂತೆ ಬಿಚ್ಚಿತು. ಕಾಲು ಇಳಿಯಿತು. ಬೆರಳು ಒತ್ತಿ ಹಿಡಿದಳು. ಕ್ಯಾಮರಾ ಹೊಲಿಗೆ ಯಂತ್ರದಂತೆ ಟಕಟಕ ಎಂದಿತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದರು. ಗಂಡ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತ. ಮಗಳು ತಾನೇ ಮುಂದೆ ಕೂತು ಒಂದೊಂದೇ ಚಿತ್ರ ಸರಿಸಿದಳು. ಒಂದರಲ್ಲಿ ರೆಕ್ಕೆ ಮಸುಕು, ಒಂದರಲ್ಲಿ ನೀರು ಅಡ್ಡ. ಆಮೇಲಿನದರಲ್ಲಿ ಹಕ್ಕಿ ನೆಲಕ್ಕೆ ಗೇಣುದ್ದ ಮೇಲೆ, ಎರಡೂ ಕಾಲು ಇಳಿಬಿಟ್ಟು ನಿಂತಂತಿತ್ತು. ಮಗಳು ಅದನ್ನು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು.

"ಅಮ್ಮಾ, ಇದೇನು, ಕೂದಲಾ?"

ಎರಡು ಕಾಲನ್ನೂ ಸೇರಿಸಿ ಸುತ್ತಿದ್ದ ನೈಲಾನ್ ದಾರ. ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಬೆರಳು ಊದಿ ಕಪ್ಪಾಗಿತ್ತು. ದಾರದ ತುದಿಯಲ್ಲಿ ತುಕ್ಕು ಹಿಡಿದ ಪುಟ್ಟ ಗಾಳ ನೇತಾಡುತ್ತಿತ್ತು.

ಮಗಳೇ ಮೊದಲು ಎದ್ದಳು. "ಮೇಷ್ಟ್ರ ನಂಬರ್ ಕೊಡು. ಆ ರಕ್ಷಣೆಯವರದ್ದೂ ಕೊಡು. ಈಗ್ಲೇ ಕಳಿಸ್ತೀನಿ."

ಅನುಮತಿ ಬಂತು. ರಕ್ಷಣಾ ತಂಡದ ಮುಖ್ಯಸ್ಥೆ ಪಶುವೈದ್ಯೆ. ಎತ್ತರದ ಆಳು, ಮಾತು ಕಡಿಮೆ. ಸಂಜೆ ನೀರು ಏರುವ ಹೊತ್ತಿಗೆ ಮರಳ ದಿಬ್ಬದ ಮೇಲೆ ಕೂದಲಿನಷ್ಟು ತೆಳುವಾದ ಬಲೆ ಕಟ್ಟಿದರು. ಹಕ್ಕಿಗಳು ಬಂದವು, ಕೆಲವು ಬಲೆಗೂ ಬಿದ್ದವು, ಬೇಕಾದದ್ದು ಬೀಳಲಿಲ್ಲ. ಬಿದ್ದವನ್ನು ಮೆತ್ತಗೆ ಬಿಡಿಸಿ ಹಾರಿಬಿಟ್ಟರು. ತಂಡದವರ ಮುಖ ಇಳಿದುಹೋಯಿತು. ಅವಳು ಪಶುವೈದ್ಯೆಯ ಹತ್ತಿರ ಹೋದಳು.

"ಮೇಡಂ, ನಾಳೆ ಜೆಟ್ಟಿ ಪಕ್ಕ ಹಾಕಿ ನೋಡೋಣ್ವಾ? ಅದು ಯಾವಾಗ್ಲೂ ಅಲ್ಲೇ ಇಳಿಯೋದು. ನನ್ನ ಹತ್ರ ಚಿತ್ರಗಳಿವೆ."

ಪಶುವೈದ್ಯೆ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. "ಎಷ್ಟು ದಿನದಿಂದ ಮಲಗಿದೀರಿ ಇಲ್ಲಿ?"

"ಲೆಕ್ಕ ಇಟ್ಟಿಲ್ಲ."

"ಸರಿ. ನಾಳೆ ಅಲ್ಲೇ ಹಾಕೋಣ. ಚಿಕ್ಕ ಬಲೆ ಸಾಕು, ಉಳಿದವಕ್ಕೂ ತೊಂದರೆ ಇಲ್ಲ."

ಮರುದಿನ ಹೊತ್ತು ಇಳಿಯುವಾಗ ಹಿಂಡು ಬಂತು, ದಿಬ್ಬದ ಮೇಲೆ ಇಳಿಯಿತು. ಒಂಟಿ ಚುಕ್ಕಿ ಹಿಂದುಳಿದು ಜೆಟ್ಟಿಯ ಕಡೆ ತಿರುಗಿತು. ಬಲೆ ಒಮ್ಮೆ ತುಸು ಕಂಪಿಸಿತು. ಮೇಷ್ಟ್ರು ಅವಳ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಮಾರನೆಯ ದಿನವೂ ಬೆರಳಿನ ಗುರುತಿತ್ತು.

ಹಕ್ಕಿಯ ತಲೆಗೆ ಪುಟ್ಟ ಬಟ್ಟೆ ಮುಚ್ಚಿ ಪಶುವೈದ್ಯೆ ಮೊಣಕಾಲ ಮೇಲೆ ಮಲಗಿಸಿಕೊಂಡಳು. ಅಂಗಡಿಯಿಂದ ನೇರ ದಡಕ್ಕೆ ಬಂದಿದ್ದ ಮಗಳು ಟಾರ್ಚು ಹಿಡಿದಳು. ಸಣ್ಣ ಕತ್ತರಿ ದಾರದ ಒಂದೊಂದೇ ಸುತ್ತನ್ನು ಕತ್ತರಿಸಿತು. ಒಣಗಿಹೋಗಿದ್ದ ಒಂದು ಬೆರಳು ದಾರದ ಜೊತೆಗೇ ಕಳಚಿ ಬಂತು. ಮಗಳು ಮುಖ ತಿರುಗಿಸಲಿಲ್ಲ. ಗಾಯ ತೊಳೆದು ಮುಲಾಮು ಹಚ್ಚಿದರು.

"ಬದುಕುತ್ತಾ?" ಎಂದು ಕೇಳಿದಳು ಎಕ್ಸ್‌ರೇ ಅಕ್ಕ.

"ಬಡಕಲಾಗಿದೆ. ಆದ್ರೆ ಕಚ್ಚೋಕೆ ನೋಡ್ತಿದೆ, ಅಂದ್ರೆ ಬದುಕೋ ಮನಸ್ಸಿದೆ" ಎಂದು ಪಶುವೈದ್ಯೆ ಮೊದಲ ಬಾರಿ ನಕ್ಕಳು. ಅಂಗೈ ಬಿಚ್ಚಿದಳು. ಹಕ್ಕಿ ಒಂದು ಗಳಿಗೆ ಕೂತೇ ಇತ್ತು, ಆಮೇಲೆ ಕತ್ತಲಾಗುತ್ತಿದ್ದ ನೀರಿನ ಮೇಲೆ ಚಿಂವ್ ಎಂದು ಕೂಗುತ್ತ ಹೋಯಿತು. ಚಿತ್ರ ತೆಗೆಯುವಷ್ಟು ಬೆಳಕಿರಲಿಲ್ಲ.

ಬೇರೆಯವರಾಗಿದ್ದರೆ ಅಷ್ಟಕ್ಕೆ ಮನೆಯಲ್ಲಿ ಆರಾಮವಾಗಿ ಮಲಗುತ್ತಿದ್ದರು. ಅವಳು ಮಾರನೆಯ ಬೆಳಗ್ಗೆಯೂ ಕೋಲಿನ ಈಚೆ ಬಂದು ಮಲಗಿದಳು. ಬದುಕಿದೆಯೋ ಇಲ್ಲವೋ ತಿಳಿಯಬೇಡವೇ? ನಾಲ್ಕೈದು ದಿನ ಸುಳಿವಿಲ್ಲ. ಜೆಟ್ಟಿಯ ಪಕ್ಕಕ್ಕೆ ಒಂದು ಹಕ್ಕಿಯೂ ಬರಲಿಲ್ಲ. ಮೇಷ್ಟ್ರು ಸಮಾಧಾನಕ್ಕೆ ಏನೇನೋ ಹೇಳಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ದಿಬ್ಬದ ನಡುವೆ, ಹಿಂಡಿನ ಜೊತೆಯಲ್ಲೇ ಇಳಿದ ಒಂದು ಹಕ್ಕಿಯ ಕಾಲಿನಲ್ಲಿ ಒಂದು ಬೆರಳು ಕಡಿಮೆ ಇದ್ದದ್ದು ಚಿತ್ರದಲ್ಲಿ ಸಿಕ್ಕಿತು. ಕುಪ್ಪಳಿಸದೆ ಓಡುತ್ತಿತ್ತು. ಹೊಟ್ಟೆ ದುಂಡಗಾಗಿತ್ತು. ಮೇಷ್ಟ್ರಿಗೆ ತೋರಿಸಿದಳು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಅದಾಗಿ ಕೆಲವು ದಿನಕ್ಕೆ ಹಿಂಡು ಹೊರಟುಹೋಯಿತು. ಕೆಸರು ಖಾಲಿ.

ಹಕ್ಕಿ ಹೋಯಿತು, ದಾರ ಹೋಗಿರಲಿಲ್ಲ. ಜೆಟ್ಟಿಯ ಕಂಬಗಳ ಸಂದಿಯಲ್ಲಿ, ಕಲ್ಲುಗಳ ನಡುವೆ ಅಂಥದೇ ದಾರದ ಉಂಡೆಗಳು ಬೇಕಾದಷ್ಟು ಬಿದ್ದಿದ್ದವು. ಅವಳು ಗಂಡನ ಬೇಕರಿಯಿಂದ ಖಾಲಿ ಬೆಣ್ಣೆ ಡಬ್ಬವೊಂದನ್ನು ತಂದು, ಮುಚ್ಚಳಕ್ಕೆ ತೂತು ಕೊರೆಸಿ, ಜೆಟ್ಟಿಯ ಕಂಬಕ್ಕೆ ತಂತಿಯಿಂದ ಬಿಗಿದಳು. ಡಬ್ಬದ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಅಂಟಿಸಿದಳು: ಇಳಿಬಿಟ್ಟ ಎರಡು ಕಾಲು, ಹೊಳೆಯುವ ದಾರ, ತುಕ್ಕು ಹಿಡಿದ ಗಾಳ.

ಅಲ್ಲಿ ದಿನಾ ಗಾಳ ಹಾಕಿ ಕೂರುವ ಒಬ್ಬ ದಪ್ಪ ಮೀಸೆಯವನಿದ್ದ. ಹುಬ್ಬು ಗಂಟಿಕ್ಕಿ ಎಲ್ಲವನ್ನೂ ನೋಡುತ್ತಿದ್ದ.

"ಏನಮ್ಮಾ ಇದು? ನಿಮ್ಮ ಹಕ್ಕಿಗಳಿಗೋಸ್ಕರ ನಾವು ಕಸ ಆರಿಸ್ಬೇಕಾ?"

"ಆರಿಸೋದೇನೂ ಬೇಡ ಅಣ್ಣಾ. ತುಂಡಾದ ದಾರ ನೀರಿಗೆ ಎಸೆಯೋ ಬದಲು ಇದರೊಳಗೆ ಹಾಕಿ. ನಾನೇ ಬಂದು ಖಾಲಿ ಮಾಡ್ತೀನಿ."

"ಎಲ್ಲರೂ ಹಾಕ್ತಾರೆ ಅಂದ್ಕೊಂಡ್ರಾ?"

"ಹಾಕೋವರೆಗೆ ಬಂದು ಕೇಳ್ತೀನಿ."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎದ್ದು ಬಂದು ಡಬ್ಬದ ಮುಂದೆ ಬಗ್ಗಿ, ಚಿತ್ರವನ್ನು ಹತ್ತಿರದಿಂದ ನೋಡಿದ. ಕಪ್ಪಾದ ಬೆರಳಿನ ಮೇಲೆ ತನ್ನ ಬೆರಳಿಟ್ಟ. ಹಿಂದಿರುಗಿ, ಚೀಲ ತಡಕಿ, ಗಂಟುಬಿದ್ದ ದಾರದ ಒಂದು ಉಂಡೆ ತೆಗೆದು ತಂದು ತೂತಿನಲ್ಲಿ ತುರುಕಿದ.

"ಈ ಮುಚ್ಚಳ ಗಾಳಿಗೆ ನಿಲ್ಲಲ್ಲ ಕಣಮ್ಮಾ. ಒಂದು ಕೊಂಡಿ ಹಾಕಿಸಿ."

"ಹಾಕಿಸ್ತೀನಿ" ಎಂದಳು. ಕೈಗಡಿಯಾರ ನೋಡಿಕೊಂಡು, ಡ್ಯೂಟಿಗೆ ಹೊತ್ತಾಯಿತೆಂದು ಬಸ್ಸಿನ ಕಡೆ ಬಿರುಸಾಗಿ ನಡೆದಳು.